ಚೆನ್ನಾಗಿ ಮಾತಾಡಿದರೆ ಸಾಕಾ? ತರಬೇತಿ ಕೆಲಸದ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ತಿಂಗಳು ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಕೆಲಸದ ಸುತ್ತ ಇದ್ದವು. ಕಂಪನಿ, ಕಾರ್ಖಾನೆ, ಆಸ್ಪತ್ರೆಗಳಲ್ಲಿ ನೌಕರರಿಗೆ ತರಬೇತಿ ಕೊಡುವ ಕೆಲಸ. ಕೆಲವರು ಇದನ್ನು ಎಲ್ ಅಂಡ್ ಡಿ (ಲರ್ನಿಂಗ್ ಅಂಡ್ ಡೆವಲಪ್‌ಮೆಂಟ್) ಅನ್ನುತ್ತಾರೆ, ಕೆಲವರು ಓಡಿ (ಆರ್ಗನೈಸೇಶನ್ ಡೆವಲಪ್‌ಮೆಂಟ್, ಅಂದರೆ ಸಂಸ್ಥೆಯನ್ನೇ ಸುಧಾರಿಸುವುದು) ಅನ್ನುತ್ತಾರೆ, ಹೊರಗಿನವರು ಕಾರ್ಪೊರೇಟ್ ಟ್ರೇನಿಂಗ್ ಅನ್ನುತ್ತಾರೆ. ನಾನು 25 ವರ್ಷ ಇದೇ ಕೆಲಸದಲ್ಲಿ ಇದ್ದವಳು. ಮೊದಲು ಕಾರ್ಖಾನೆ, ಆಮೇಲೆ ಸಾಫ್ಟ್‌ವೇರ್ ಕಂಪನಿ, ಈಗ ಸ್ವಂತ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಇಟ್ಟುಕೊಂಡು ಈ ಸಲ ಇದನ್ನೇ ಮಾತಾಡೋಣ.

ಪ್ರಶ್ನೆ: ಮೇಡಂ, ದಾವಣಗೆರೆಯ ಒಂದು ಖಾಸಗಿ ಪಿಯು ಕಾಲೇಜಿನಲ್ಲಿ 9 ವರ್ಷದಿಂದ ಕಾಮರ್ಸ್ ಪಾಠ ಮಾಡುತ್ತಿದ್ದೇನೆ. ನನಗೆ 34 ವರ್ಷ. ಸಂಬಳ ಮನೆಗೆ ಸಾಲುತ್ತಿಲ್ಲ. "ನೀನು ಎಷ್ಟು ಚೆನ್ನಾಗಿ ಮಾತಾಡ್ತೀಯ, ಕಾರ್ಪೊರೇಟ್ ಟ್ರೇನರ್ ಆಗು" ಅಂತ ಎಲ್ಲರೂ ಹೇಳುತ್ತಾರೆ. ಇದು ಆಗುವ ಮಾತಾ? ಎಲ್ಲಿಂದ ಶುರು ಮಾಡಲಿ?

ಉತ್ತರ: ಆಗುವ ಮಾತೇ. ಆದರೆ ಅವರು ಹೇಳಿದ ಕಾರಣಕ್ಕೆ ಅಲ್ಲ.

ಚೆನ್ನಾಗಿ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ. ನಿಮ್ಮ ಹತ್ತಿರ ಇರುವ ಬೆಲೆಯಾದ ವಸ್ತು ಬೇರೆ. 9 ವರ್ಷದಲ್ಲಿ ನೀವು ಸಾವಿರಾರು ಮುಖ ನೋಡಿದ್ದೀರಿ, ಯಾರಿಗೆ ಅರ್ಥ ಆಗಿಲ್ಲ ಅನ್ನೋದು ಕೈ ಎತ್ತುವ ಮೊದಲೇ ನಿಮಗೆ ಗೊತ್ತಾಗುತ್ತದೆ, ಡೆಬಿಟ್ ಕ್ರೆಡಿಟ್ ತಲೆಗೆ ಹೋಗದ ಹುಡುಗನಿಗೆ ಅದನ್ನೇ ಮೂರು ಬೇರೆ ರೀತಿ ಹೇಳಿ ನೋಡಿದ್ದೀರಿ. ಇದು ಎರಡು ದಿನದ ಕೋರ್ಸ್ ಮಾಡಿ ಬಂದವರಲ್ಲಿ ಇರುವುದಿಲ್ಲ.

ಬದಲಾಗಬೇಕಾದ್ದೂ ಇದೆ. ಕಾಲೇಜಿನಲ್ಲಿ ಪರೀಕ್ಷೆ ನಿಮ್ಮ ಪರವಾಗಿ ಕೆಲಸ ಮಾಡುತ್ತದೆ. ಅಟೆಂಡೆನ್ಸ್ ಇದೆ, ಅಂಕ ಇದೆ, ಮಕ್ಕಳು ಕೂರಲೇಬೇಕು. ಕಂಪನಿಯಲ್ಲಿ ನಿಮ್ಮ ಎದುರಿಗೆ ಕೂತವರಿಗೆ ನಿಮಗಿಂತ ಜಾಸ್ತಿ ವಯಸ್ಸಿರಬಹುದು. ಮೇಜಿನ ಮೇಲೆ ಕೆಲಸ ಬಿಟ್ಟು ಬಂದಿರುತ್ತಾರೆ, ಜೇಬಿನಲ್ಲಿ ಫೋನು ಅಲುಗಾಡುತ್ತಾ ಇರುತ್ತದೆ, "ನಾಳೆ ನನ್ನ ಕೆಲಸಕ್ಕೆ ಇದು ಬರುತ್ತಾ?" ಅನ್ನೋದೊಂದೇ ಅವರ ಮನಸ್ಸಿನಲ್ಲಿ ಓಡುತ್ತಿರುತ್ತದೆ. ದೊಡ್ಡವರ ಕಲಿಕೆ ಬಗ್ಗೆ ಬಹಳ ಕೆಲಸ ಮಾಡಿದ ಅಮೆರಿಕದ ಮಾಲ್ಕಮ್ ನೋಲ್ಸ್ ಹೇಳಿದ್ದು ಇದನ್ನೇ. ದೊಡ್ಡವರು ಖಾಲಿ ತಲೆಯಲ್ಲಿ ಬರುವುದಿಲ್ಲ, ತಮ್ಮ ಅನುಭವ ಹೊತ್ತುಕೊಂಡು ಬರುತ್ತಾರೆ. ಆ ಅನುಭವಕ್ಕೆ ಜಾಗ ಕೊಡದ ಪಾಠ ಅವರಿಗೆ ಬೇಡ.

ಇನ್ನು ಎಲ್ಲಿಂದ ಶುರು ಅನ್ನೋದು. ದಯವಿಟ್ಟು "ವ್ಯಕ್ತಿತ್ವ ವಿಕಸನ"ದಿಂದ ಬೇಡ. ಆ ಸಂತೆಯಲ್ಲಿ ಜನ ಜಾಸ್ತಿ. ನಿಮಗೆ ಲೆಕ್ಕ ಬರುತ್ತದೆ ಅಲ್ವಾ? ಅದನ್ನೇ ಹಿಡಿಯಿರಿ. ನಿಮ್ಮ ಊರಿನಲ್ಲೇ ಪತ್ತಿನ ಸಹಕಾರ ಸಂಘಗಳಿವೆ, ಸೌಹಾರ್ದಗಳಿವೆ, ದೊಡ್ಡ ಬಟ್ಟೆ ಅಂಗಡಿಗಳಿವೆ, ಆಸ್ಪತ್ರೆಗಳ ಬಿಲ್ಲಿಂಗ್ ಕೌಂಟರ್‌ಗಳಿವೆ. ಯಾವುದಾದರೂ ಒಂದು ಸೊಸೈಟಿಯ ಕಾರ್ಯದರ್ಶಿಯನ್ನು ಕಂಡು, "ನಿಮ್ಮ ಹೊಸ ಹುಡುಗರು ಎಲ್ಲಿ ತಪ್ಪು ಮಾಡ್ತಾರೆ, ಒಂದು ದಿನ ಕೌಂಟರ್ ಪಕ್ಕ ಕೂತು ನೋಡ್ಲಾ?" ಅಂತ ಕೇಳಿ. ನೋಡಿದ ಮೇಲೆ ಆ ತಪ್ಪುಗಳ ಮೇಲೆಯೇ ಎರಡು ಗಂಟೆಯ ಒಂದು ತರಗತಿ ಮಾಡಿ. ಮೊದಲ ಒಂದೆರಡು ಸಲ ದುಡ್ಡು ಕಮ್ಮಿ ಬಂದರೂ ಪರವಾಗಿಲ್ಲ. ನಿಮಗೆ ಬೇಕಾಗಿರುವುದು ಅವರು ಎರಡನೇ ಸಲ ಕರೆಯುವುದು.

ಇನ್ನೊಂದು ದಾರಿಯೂ ಇದೆ, ನಮ್ಮ ಜನ ಅದನ್ನು ಮರೆತೇಬಿಡುತ್ತಾರೆ. 1982ರಲ್ಲಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಶುರುವಾಯಿತು. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು, ಆಗಿನ ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ಮಾಡಿದ್ದು. ಹಳ್ಳಿಯ ಯುವಕರಿಗೆ ಸ್ವಂತ ಉದ್ಯೋಗದ ತರಬೇತಿ. ಅದೇ ಮಾದರಿಯಲ್ಲಿ ಈಗ ದೇಶದಾದ್ಯಂತ ಜಿಲ್ಲೆಗಳಲ್ಲಿ ಬ್ಯಾಂಕುಗಳು ನಡೆಸುವ ಆರ್‌ಸೆಟಿಗಳಿವೆ. ಅಲ್ಲಿ ಲೆಕ್ಕ ಬರೆಯುವುದು, ಸಾಲದ ಅರ್ಜಿ, ಮಾರುಕಟ್ಟೆ ಬಗ್ಗೆ ಹೇಳಲು ಹೊರಗಿನಿಂದ ಜನರನ್ನು ಕರೆಯುತ್ತಾರೆ. ಸಂಭಾವನೆ ದೊಡ್ಡದಲ್ಲ. ಆದರೆ ಎಸ್ಸೆಸ್ಸೆಲ್ಸಿ ಫೇಲಾದ ಹುಡುಗನಿಂದ ಹಿಡಿದು ಎರಡು ಮಕ್ಕಳ ತಾಯಿಯವರೆಗೆ ಒಂದೇ ಕೋಣೆಯಲ್ಲಿ ಕೂರುತ್ತಾರೆ. ಅಲ್ಲಿ ಕೆಲಸ ಮಾಡಿ ಗೆದ್ದವರು ಎಲ್ಲಿ ಬೇಕಾದರೂ ಗೆಲ್ಲುತ್ತಾರೆ, ಇದು ನನ್ನ ಕಣ್ಣಾರೆ ಕಂಡ ಮಾತು.

ಕೆಲಸ ಮಾತ್ರ ಈಗಲೇ ಬಿಡಬೇಡಿ. ಎರಡು ಮೂರು ಕಡೆಯವರು ತಾವಾಗಿಯೇ ಮತ್ತೆ ಫೋನ್ ಮಾಡುವ ತನಕ ಶನಿವಾರ, ಭಾನುವಾರ, ಬೇಸಿಗೆ ರಜೆ ಇದಕ್ಕಿಡಿ. ಫೋನಿನಲ್ಲಿ ಕಾಣುವ "ಮೂರೇ ದಿನದಲ್ಲಿ ಅಂತರರಾಷ್ಟ್ರೀಯ ಟ್ರೇನರ್ ಆಗಿ" ಜಾಹೀರಾತಿಗೆ ದುಡ್ಡು ಸುರಿಯಬೇಡಿ.

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಒಂದು ಐಟಿ ಕಂಪನಿಯ ಎಚ್‌ಆರ್‌ನಲ್ಲಿ 3 ವರ್ಷದಿಂದ ಇದ್ದೇನೆ. ಈಗ ಓಡಿ ಅಂತ ಹೊಸ ಟೀಮ್ ಮಾಡುತ್ತಿದ್ದಾರೆ, ನನ್ನನ್ನೂ ಕರೆದಿದ್ದಾರೆ. ಟ್ರೇನಿಂಗ್‌ಗೂ ಓಡಿಗೂ ಏನು ವ್ಯತ್ಯಾಸ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹೋಗಲಾ ಬೇಡವಾ?

ಉತ್ತರ: ನನಗೇ ಆದ ಒಂದು ಅನುಭವ ಹೇಳುತ್ತೇನೆ, ಅದರಲ್ಲಿ ವ್ಯತ್ಯಾಸ ಸಿಗುತ್ತದೆ.

ಮೈಸೂರಿನಲ್ಲಿ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿ ಪೀಣ್ಯದ ಒಂದು ಕಾರ್ಖಾನೆಗೆ ಸೇರಿದ ಹೊಸದು. ಲೇತ್ ಸೆಕ್ಷನ್ನಿನಲ್ಲಿ ಶಾಫ್ಟ್‌ಗಳು ಸೈಜ್ ತಪ್ಪಿ ರಿಜೆಕ್ಟ್ ಆಗುತ್ತಿದ್ದವು. ಪ್ರೊಡಕ್ಷನ್ ಮ್ಯಾನೇಜರ್ ಬಂದು, "ಇವರಿಗೆ ಅಳೆಯೋಕೇ ಬರಲ್ಲ, ಎರಡು ದಿನ ಟ್ರೇನಿಂಗ್ ಕೊಡಿಸಿ" ಅಂದರು. ಕೊಡಿಸಿದೆ. ಹೊರಗಿನಿಂದ ಒಬ್ಬ ನಿವೃತ್ತ ಎಂಜಿನಿಯರ್ ಬಂದರು, ಸೂಕ್ಷ್ಮ ಅಳತೆಯ ಸಾಧನವಾದ ಮೈಕ್ರೊಮೀಟರ್ ಹಿಡಿಯುವುದನ್ನು ಅ ಆ ಇ ಈ ಯಿಂದ ಹೇಳಿಕೊಟ್ಟರು, ಊಟ ಚೆನ್ನಾಗಿತ್ತು, ಎಲ್ಲರೂ ಫಾರಂ ಮೇಲೆ "ತುಂಬಾ ಉಪಯುಕ್ತ" ಅಂತ ಬರೆದರು. ತಿಂಗಳು ಕಳೆದರೂ ರಿಜೆಕ್ಷನ್ ಹಾಗೇ ಇತ್ತು.

ಆಗ ಒಬ್ಬ ಹಿರಿಯ ಆಪರೇಟರ್ ಕ್ಯಾಂಟೀನಿನಲ್ಲಿ ಮೆಲ್ಲಗೆ ಹೇಳಿದರು. "ಅಳೆಯೋದು ನಮಗೆ ಬರುತ್ತೆ ಮೇಡಂ. ಅಳೆಯೋಕೆ ಏನಿದೆ ಅಂತ ಬಂದು ನೋಡಿ." ಹೋಗಿ ನೋಡಿದೆ. 8 ಮಷಿನ್‌ಗೆ ಸರಿಯಾಗಿರುವ ಮೈಕ್ರೊಮೀಟರ್ ಒಂದೇ ಒಂದು. ಅದೂ ಟೂಲ್ ಸ್ಟೋರಿನಲ್ಲಿ, ಬೀಗದ ಒಳಗೆ. ಸಹಿ ಹಾಕಿ ತರಬೇಕು, ಕೆಳಗೆ ಬಿದ್ದು ಹಾಳಾದರೆ ಸಂಬಳದಲ್ಲಿ ಹಿಡಿಯುತ್ತಾರೆ ಅನ್ನೋ ಭಯ. ಮೇಲಾಗಿ ಇನ್ಸೆಂಟಿವ್ ಕೊಡುತ್ತಿದ್ದುದು ಎಷ್ಟು ಪೀಸ್ ಮಾಡಿದರು ಅನ್ನೋದಕ್ಕೆ, ಎಷ್ಟು ಪೀಸ್ ಸರಿಯಾಗಿವೆ ಅನ್ನೋದಕ್ಕಲ್ಲ. ಸ್ಟೋರಿಗೆ ಹೋಗಿ ಬರುವ ಹತ್ತು ನಿಮಿಷ ಅವರ ಮನೆಯ ದುಡ್ಡು. ಅಂಥ ಕಡೆ ಯಾರು ಅಳೆಯುತ್ತಾರೆ ಹೇಳಿ?

ಕೊನೆಗೆ ಲೈನಿನ ಪಕ್ಕದಲ್ಲೇ ಮೂರು ಮೈಕ್ರೊಮೀಟರ್ ಇಡಿಸಿದೆವು. ಇನ್ಸೆಂಟಿವ್ ಅನ್ನು ಸರಿಯಾದ ಪೀಸಿನ ಲೆಕ್ಕಕ್ಕೆ ತಿರುಗಿಸಲು ಆರು ತಿಂಗಳು ಜಗ್ಗಾಡಬೇಕಾಯಿತು, ಯೂನಿಯನ್ ಜೊತೆ ಕೂರಬೇಕಾಯಿತು, ಅಕೌಂಟ್ಸ್‌ನವರನ್ನು ಒಪ್ಪಿಸಬೇಕಾಯಿತು. ರಿಜೆಕ್ಷನ್ ಇಳಿದದ್ದು ಆಮೇಲೆ.

ಆ ಎರಡು ದಿನ ಮಾಡಿದ್ದು ಟ್ರೇನಿಂಗ್. ಆಮೇಲೆ ಆರು ತಿಂಗಳು ಮಾಡಿದ್ದು ಓಡಿ. ಜನರಿಗೆ ಗೊತ್ತಿಲ್ಲದ್ದನ್ನು ತರಬೇತಿ ಸರಿ ಮಾಡುತ್ತದೆ. ಗೊತ್ತಿದ್ದರೂ ಮಾಡಲು ಬಿಡದ ವ್ಯವಸ್ಥೆಯನ್ನು ಸರಿ ಮಾಡುವುದು ಬೇರೆಯೇ ಕೆಲಸ. ಯಾರ ಕೆಲಸ ಯಾರದ್ದು, ಯಾರು ಯಾರಿಗೆ ಉತ್ತರ ಕೊಡಬೇಕು, ಯಾವುದಕ್ಕೆ ಬಹುಮಾನ ಸಿಗುತ್ತದೆ, ಮೀಟಿಂಗಿನಲ್ಲಿ ಯಾರು ಬಾಯಿ ಬಿಡುವುದಿಲ್ಲ, ಇದೆಲ್ಲ ಆ ಕೆಲಸದ ವಸ್ತು.

ಈ ಕ್ಷೇತ್ರ ಹುಟ್ಟಿದ ಕಥೆಯೂ ಇದಕ್ಕೆ ಒಪ್ಪುತ್ತದೆ. ಕರ್ಟ್ ಲೆವಿನ್ ಅಂತ ಒಬ್ಬ ಮನಶ್ಶಾಸ್ತ್ರಜ್ಞರು, ಹಿಟ್ಲರ್ ಕಾಲದಲ್ಲಿ ಜರ್ಮನಿ ಬಿಟ್ಟು ಅಮೆರಿಕಕ್ಕೆ ಹೋದವರು. 1946ರಲ್ಲಿ ಕನೆಟಿಕಟ್‌ನಲ್ಲಿ ಒಂದು ಶಿಬಿರ ನಡೆಸಿದರು. ಸಂಜೆ ಅವರ ತಂಡದವರು ಕೂತು, ಇವತ್ತು ಯಾರು ಹೇಗೆ ನಡೆದುಕೊಂಡರು ಅಂತ ಚರ್ಚೆ ಮಾಡುತ್ತಿದ್ದರು. ಶಿಬಿರಕ್ಕೆ ಬಂದ ಕೆಲವರು ನಾವೂ ಕೂರಬಹುದಾ ಅಂತ ಕೇಳಿದರು. ಲೆವಿನ್ ಒಪ್ಪಿದರು. ತಮ್ಮ ಬಗ್ಗೆ ಬೇರೆಯವರು ಕಂಡದ್ದನ್ನು ಕಿವಿಯಾರೆ ಕೇಳಿ, "ಹಾಗಲ್ಲ, ನಡೆದದ್ದು ಹೀಗೆ" ಅಂತ ಅವರು ವಾದಕ್ಕೆ ಇಳಿದಾಗ, ಹಗಲಿನ ಎಲ್ಲ ತರಗತಿಗಳಿಗಿಂತ ಜಾಸ್ತಿ ಕಲಿಕೆ ಅಲ್ಲಿ ಆಯಿತು. ಮರುವರ್ಷ, 1947ರ ಬೇಸಿಗೆಯಲ್ಲಿ, ಮೇನ್ ರಾಜ್ಯದ ಬೆಥೆಲ್ ಅನ್ನೋ ಊರಿನಲ್ಲಿ ಇದನ್ನೇ ಮುಂದುವರಿಸುವ ಶಿಬಿರ ನಡೆಯಿತು. ಲೆವಿನ್ ಅದನ್ನು ನೋಡಲಿಲ್ಲ, ಫೆಬ್ರವರಿಯಲ್ಲೇ ತೀರಿಕೊಂಡಿದ್ದರು.

ನಮ್ಮ ದೇಶದಲ್ಲಿ ಉದಯ್ ಪಾರೀಕ್ ಮತ್ತು ಟಿ.ವಿ. ರಾವ್ ಹೆಸರು ನೀವು ಕೇಳಿರಬೇಕು. ಅಹಮದಾಬಾದ್ ಐಐಎಂನಲ್ಲಿದ್ದಾಗ, 1970ರ ದಶಕದ ನಡುವಿನಲ್ಲಿ, ಲಾರ್ಸೆನ್ ಅಂಡ್ ಟೂಬ್ರೊ ಕಂಪನಿಯಲ್ಲಿ ಜನರನ್ನು ಬೆಳೆಸುವ ಕೆಲಸಕ್ಕೇ ಪ್ರತ್ಯೇಕ ವಿಭಾಗ ಬೇಕು ಅಂತ ಸಲಹೆ ಕೊಟ್ಟು ರೂಪಿಸಿದವರು. ಎಚ್‌ಆರ್‌ಡಿ (ಮಾನವ ಸಂಪನ್ಮೂಲ ಅಭಿವೃದ್ಧಿ) ಅನ್ನೋ ಮಾತು ಇಲ್ಲಿ ಬೇರು ಬಿಟ್ಟದ್ದು ಆ ಕೆಲಸದಿಂದ.

ಹೋಗಲಾ ಅಂತ ಕೇಳಿದ್ದೀರಿ. ನಿಮ್ಮಲ್ಲಿ ಎರಡು ಗುಣ ಇದ್ದರೆ ಹೋಗಿ. ಬೇರೆಯವರು ಮಾತಾಡುವಾಗ ಸುಮ್ನೆ ಕೂತು ಕೇಳುವ ತಾಳ್ಮೆ ಒಂದು. ಕೇಳಿದ್ದನ್ನು, ಯಾರು ಹೇಳಿದರು ಅನ್ನೋದು ಹೊರಗೆ ಬಾರದಂತೆ, ದೊಡ್ಡ ಸಾಹೇಬರ ಮುಂದೆ ಇಟ್ಟು ಮಾತಾಡುವ ಧೈರ್ಯ ಇನ್ನೊಂದು. ಹೆಸರು ಒಮ್ಮೆ ಬಾಯಿ ತಪ್ಪಿ ಹೊರಗೆ ಬಂದರೆ ಮುಗಿಯಿತು, ಆ ಕಂಪನಿಯಲ್ಲಿ ನಿಮ್ಮ ಹತ್ತಿರ ಇನ್ನು ಯಾರೂ ನಿಜ ಹೇಳುವುದಿಲ್ಲ. ಒಪ್ಪುವ ಮೊದಲು ಆ ಟೀಮ್ ಯಾರಿಗೆ ರಿಪೋರ್ಟ್ ಮಾಡುತ್ತದೆ ಅಂತ ಕೇಳಿಕೊಳ್ಳಿ. ಮೇಲಿನವರ ಬೆಂಬಲ ಇಲ್ಲದಿದ್ದರೆ ವರ್ಷಕ್ಕೊಂದು ಸರ್ವೆ, ಒಂದು ಔಟಿಂಗ್, ಒಂದಷ್ಟು ಟೀ ಶರ್ಟ್ ಹಂಚುವುದಕ್ಕೇ ನಿಮ್ಮ ಕೆಲಸ ನಿಲ್ಲುತ್ತದೆ. ಅಂಥದ್ದಕ್ಕೆ ಹೋಗಬೇಡಿ.

ಪ್ರಶ್ನೆ: ಬೆಳಗಾವಿಯ ಒಂದು ಕಾರ್ಖಾನೆಯಲ್ಲಿ 16 ವರ್ಷದಿಂದ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಮಷಿನ್ ಮೇಲೆ ಇದ್ದೇನೆ, ಈಗ ಶಿಫ್ಟ್ ಸೂಪರ್‌ವೈಸರ್. ಓದಿದ್ದು ಐಟಿಐ. ಹೊಸದಾಗಿ ಸೇರುವ ಹುಡುಗರಿಗೆ ಕಲಿಸಲು ನನ್ನನ್ನು ಟ್ರೇನಿಂಗ್ ಸೆಂಟರಿಗೆ ಹಾಕುತ್ತೇವೆ ಅನ್ನುತ್ತಿದ್ದಾರೆ. ಇದು ಬಡ್ತಿಯೋ, ಮೂಲೆಗೆ ತಳ್ಳುವುದೋ ತಿಳಿಯುತ್ತಿಲ್ಲ ಮೇಡಂ.

ಉತ್ತರ: ನಿಮ್ಮ ಅನುಮಾನ ನ್ಯಾಯವಾದದ್ದು. ಕೆಲವು ಕಡೆ ಟ್ರೇನಿಂಗ್ ಸೆಂಟರ್ ಅಂದರೆ ಯಾರಿಗೂ ಬೇಡವಾದವರನ್ನು ಕೂರಿಸುವ ಜಾಗ. ಆದ್ದರಿಂದ ಮೊದಲು ವ್ಯವಹಾರ ಮಾತಾಡಿ. ಜನರಲ್ ಶಿಫ್ಟಿಗೆ ಬಂದರೆ ರಾತ್ರಿ ಶಿಫ್ಟಿನ ಭತ್ಯೆ, ಓವರ್‌ಟೈಮ್ ದುಡ್ಡು ಎರಡೂ ಹೋಗುತ್ತವೆ. ಕೈಗೆ ಬರುವ ಸಂಬಳ ಎಷ್ಟು ಇಳಿಯುತ್ತದೆ ಅಂತ ಮನೆಯಲ್ಲಿ ಕೂತು ಲೆಕ್ಕ ಹಾಕಿ. ಅದನ್ನು ತುಂಬಿಕೊಡಿ, ಹುದ್ದೆಯ ಹೆಸರು ಕಾಗದದ ಮೇಲೆ ಕೊಡಿ ಅಂತ ಕೇಳಿ. ಇದರಲ್ಲಿ ಸಂಕೋಚ ಬೇಡ.

ಅದು ಸರಿಹೋದರೆ ಖುಷಿಯಿಂದ ಹೋಗಿ, ಯಾಕಂದರೆ ಈ ಕೆಲಸಕ್ಕೆ ನಿಮ್ಮಂಥವರೇ ಬೇಕು. ಎರಡನೇ ಮಹಾಯುದ್ಧದ ಸಮಯದಲ್ಲಿ ಅಮೆರಿಕದ ಕಾರ್ಖಾನೆಗಳಿಗೆ ಏನೂ ಗೊತ್ತಿಲ್ಲದ ಹೊಸಬರು ಲಕ್ಷಗಟ್ಟಲೆ ಬಂದರು. ಅವರಿಗೆ ಬೇಗ ಕಲಿಸಲು 1940ರಿಂದ 45ರವರೆಗೆ ಟ್ರೇನಿಂಗ್ ವಿದಿನ್ ಇಂಡಸ್ಟ್ರಿ ಅನ್ನೋ ಕಾರ್ಯಕ್ರಮ ನಡೆಯಿತು. ಕಲಿಸಿದವರು ಪ್ರೊಫೆಸರ್‌ಗಳಲ್ಲ, ಸೂಪರ್‌ವೈಸರ್‌ಗಳು. ವಿಧಾನ ಬಹಳ ಸರಳ. ಮೊದಲು ಹುಡುಗನ ಹೆದರಿಕೆ ಬಿಡಿಸಿ, ಅವನಿಗೆ ಈಗಾಗಲೇ ಏನು ಗೊತ್ತು ಅಂತ ತಿಳಿದುಕೊಳ್ಳಿ. ಆಮೇಲೆ ಮಾಡಿ ತೋರಿಸಿ. ಆಮೇಲೆ ಅವನಿಂದ ಮಾಡಿಸಿ, ಮಾಡುತ್ತಾ ಬಾಯಲ್ಲಿ ಹೇಳಿಸಿ. ಕೊನೆಗೆ ಒಬ್ಬನನ್ನೇ ಬಿಟ್ಟು, ಆಗಾಗ ಹೋಗಿ ನೋಡಿ. ಯುದ್ಧ ಮುಗಿದ ಮೇಲೆ ಇದು ಜಪಾನಿಗೆ ಹೋಯಿತು. ಟೊಯೋಟಾದಂಥ ಕಂಪನಿಗಳು ಇವತ್ತಿಗೂ ಕಲಿಸುವ ರೀತಿಯಲ್ಲಿ ಇದರ ಗುರುತು ಇದೆ. ನಮ್ಮ ಬಿಡದಿಯಲ್ಲಿ 2007ರಲ್ಲಿ ಅದೇ ಕಂಪನಿ ಹಳ್ಳಿಯ ಮಕ್ಕಳಿಗೆ ಮೂರು ವರ್ಷದ ತಾಂತ್ರಿಕ ತರಬೇತಿ ಶಾಲೆ ತೆರೆಯಿತು.

ನಿಮಗೆ ಕಷ್ಟ ಆಗುವುದು ಎಲ್ಲಿ ಅಂತ ಹೇಳಲಾ? 16 ವರ್ಷದಲ್ಲಿ ನಿಮ್ಮ ಕೈಗೆ ಗೊತ್ತಿರುವುದು ಬಾಯಿಗೆ ಗೊತ್ತಿರುವುದಿಲ್ಲ. ಚಕ್‌ನಲ್ಲಿ ಜಾಬ್, ಅಂದರೆ ಮಷಿನ್‌ಗೆ ಕೊಡುವ ಲೋಹದ ತುಂಡು, ಹಿಡಿಸುವುದನ್ನೇ ತೆಗೆದುಕೊಳ್ಳಿ. ಅದನ್ನು ಹಿಡಿಯುವ ಜಾ (ಹಲ್ಲು) ಒರೆಸುತ್ತೀರಿ, ಲೋಹದ ಒಂದು ಚೂರು ಚಿಪ್ ಇದ್ದರೂ ಜಾಬ್ ಓರೆ ಕೂರುತ್ತದೆ. ಇದನ್ನು ನೀವು ಯೋಚನೆ ಮಾಡದೆ ಮಾಡುತ್ತೀರಿ, ಹಾಗಾಗಿ ಹೇಳುವುದನ್ನೂ ಮರೆಯುತ್ತೀರಿ. ಹುಡುಗ ಅಲ್ಲೇ ತಪ್ಪುತ್ತಾನೆ. ಒಂದು ನೋಟ್‌ಬುಕ್ ತೆಗೆದು ಪ್ರತಿ ಕೆಲಸಕ್ಕೂ ಏನು ಮಾಡಬೇಕು, ಎಲ್ಲಿ ಎಚ್ಚರ ಬೇಕು, ಯಾಕೆ ಅಂತ ಬರೆದುಕೊಳ್ಳಿ. ಆ "ಯಾಕೆ" ಬಿಡಬೇಡಿ. ಯಾಕೆ ಅಂತ ಗೊತ್ತಿಲ್ಲದ ಹುಡುಗ ನೀವು ಬೆನ್ನು ತಿರುಗಿಸಿದ ಕೂಡಲೇ ಆ ಹೆಜ್ಜೆ ಹಾರಿಸುತ್ತಾನೆ.

ಮುಂದೆ ಐಟಿಐಗಳಲ್ಲಿ ಕಲಿಸುವ ಆಸೆ ಇದ್ದರೆ ಸಿಐಟಿಎಸ್ ಅಂತ, ಐಟಿಐ ಬೋಧಕರನ್ನು ತಯಾರು ಮಾಡುವ ಒಂದು ವರ್ಷದ ಕೋರ್ಸ್ ಇದೆ, ಕೇಂದ್ರ ಸರ್ಕಾರದ ಎನ್‌ಎಸ್‌ಟಿಐ ಅನ್ನೋ ತರಬೇತಿ ಸಂಸ್ಥೆಗಳಲ್ಲಿ. ಬೆಂಗಳೂರಿನಲ್ಲೂ ಒಂದಿದೆ. ಐಟಿಐ ಓದಿದವರೂ ಸೇರಬಹುದು.

ಪ್ರಶ್ನೆ: ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಟ್ರೇನಿಂಗ್ ಕೋಆರ್ಡಿನೇಟರ್ ಆಗಿದ್ದೇನೆ. ನರ್ಸ್‌ಗಳಿಗೆ ಕೈ ತೊಳೆಯುವ ಬಗ್ಗೆ, ಸೋಂಕು ತಡೆಯುವ ಬಗ್ಗೆ ತಿಂಗಳಿಗೆ ಎರಡು ತರಗತಿ ಮಾಡುತ್ತೇವೆ. ಫೀಡ್‌ಬ್ಯಾಕ್ 5ಕ್ಕೆ 4.8 ಬರುತ್ತದೆ. ಆದರೂ ವಾರ್ಡಿನಲ್ಲಿ ಏನೂ ಬದಲಾಗಿಲ್ಲ ಅಂತ ಮೆಡಿಕಲ್ ಸೂಪರಿಂಟೆಂಡೆಂಟ್ ಬೈಯುತ್ತಾರೆ. ನಾನು ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ತರಗತಿಯಲ್ಲಿ ತಪ್ಪಿಲ್ಲ, ಅಳತೆ ತರಗತಿಯ ಬಾಗಿಲಲ್ಲೇ ನಿಂತುಬಿಟ್ಟಿದೆ. ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಅನ್ನೋ ಅಮೆರಿಕದ ಪ್ರೊಫೆಸರ್ 1959ರಲ್ಲೇ ತರಬೇತಿಯನ್ನು ನಾಲ್ಕು ಮಟ್ಟದಲ್ಲಿ ನೋಡಬೇಕು ಅಂತ ಬರೆದರು. ಬಂದವರಿಗೆ ಇಷ್ಟ ಆಯಿತಾ, ಕಲಿತರಾ, ಕೆಲಸದಲ್ಲಿ ಅದನ್ನು ಮಾಡುತ್ತಿದ್ದಾರಾ, ಅದರಿಂದ ಸಂಸ್ಥೆಗೆ ಏನು ಸಿಕ್ಕಿತು. ನಿಮ್ಮ 4.8 ಮೊದಲನೇ ಮಟ್ಟ. ನಿಮ್ಮ ಸೂಪರಿಂಟೆಂಡೆಂಟ್ ಕೇಳುತ್ತಿರುವುದು ಮೂರು ಮತ್ತು ನಾಲ್ಕು. ಇಬ್ಬರೂ ನಿಜವನ್ನೇ ಹೇಳುತ್ತಿದ್ದೀರಿ.

ಮುಂದಿನ ತಿಂಗಳು ಒಂದು ತರಗತಿ ಬಿಡಿ. ಆ ಹೊತ್ತಿನಲ್ಲಿ ವಾರ್ಡಿನಲ್ಲಿ ನಿಂತು ನೋಡಿ. ವಿಶ್ವ ಆರೋಗ್ಯ ಸಂಸ್ಥೆ ಕೈ ಶುಚಿ ಮಾಡಲೇಬೇಕಾದ 5 ಸಂದರ್ಭ ಹೇಳಿದೆ, ನಿಮಗೆ ಬಾಯಿಪಾಠ ಇರುತ್ತದೆ. ರೋಗಿಯನ್ನು ಮುಟ್ಟುವ ಮೊದಲು, ಡ್ರೆಸ್ಸಿಂಗಿನಂಥ ಕೆಲಸಕ್ಕೆ ಮೊದಲು, ರಕ್ತ ಗಿಕ್ತ ತಾಗಿದ ಮೇಲೆ, ರೋಗಿಯನ್ನು ಮುಟ್ಟಿದ ಮೇಲೆ, ರೋಗಿಯ ಸುತ್ತಲಿನ ವಸ್ತು ಮುಟ್ಟಿದ ಮೇಲೆ. ಯಾವ ಸಂದರ್ಭ ತಪ್ಪುತ್ತಿದೆ ಅಂತ ಗೀಟು ಹಾಕಿ ಎಣಿಸಿ. ಯಾರು ತಪ್ಪಿದರು ಅಂತ ಬರೆಯಬೇಡಿ. ಬರೆದರೆ ನೀವು ವಾರ್ಡಿಗೆ ಕಾಲಿಟ್ಟಾಗ ಮಾತ್ರ ಎಲ್ಲರೂ ಕೈ ತೊಳೆಯುತ್ತಾರೆ.

ಅಲ್ಲಿ ಗಮನಿಸಬೇಕಾದ್ದು ಇನ್ನೂ ಇದೆ. ಹ್ಯಾಂಡ್ ರಬ್ ಬಾಟಲಿ ಮಂಚದ ಹತ್ತಿರ ಇದೆಯಾ, ನರ್ಸಿಂಗ್ ಸ್ಟೇಷನ್ನಿನಲ್ಲಿ ಇದೆಯಾ? ಖಾಲಿಯಾದರೆ ಎಷ್ಟು ಹೊತ್ತಿಗೆ ತುಂಬುತ್ತಾರೆ? ರಾತ್ರಿ ಒಬ್ಬ ನರ್ಸ್ ಎಷ್ಟು ರೋಗಿಗಳನ್ನು ನೋಡುತ್ತಾಳೆ? ರೌಂಡ್ಸಿಗೆ ಬರುವ ದೊಡ್ಡ ಡಾಕ್ಟರು ಕೈ ಶುಚಿ ಮಾಡಿಕೊಳ್ಳುತ್ತಾರಾ? ಅವರು ಮಾಡದಿದ್ದರೆ ಉಳಿದವರೂ ಮಾಡುವುದಿಲ್ಲ, ನೀವು ನೂರು ತರಗತಿ ಮಾಡಿ. ಈ ಗೀಟುಗಳ ಕಾಗದವನ್ನೇ ಹಿಡಿದುಕೊಂಡು ಸೂಪರಿಂಟೆಂಡೆಂಟ್ ಹತ್ತಿರ ಹೋಗಿ. ಆಗ ನೀವು ಬೈಸಿಕೊಳ್ಳಲು ಹೋದ ಹಾಗೆ ಇರುವುದಿಲ್ಲ, ಸಮಸ್ಯೆಯನ್ನು ಇಬ್ಬರೂ ಒಟ್ಟಿಗೆ ನೋಡಿದ ಹಾಗೆ ಇರುತ್ತದೆ.

ಪ್ರಶ್ನೆ: ಈ ಕ್ಷೇತ್ರಕ್ಕೆ ಯಾವ ಸರ್ಟಿಫಿಕೇಟ್ ಮಾಡಿದರೆ ಕೆಲಸ ಗ್ಯಾರಂಟಿ? (ಹಾಸನ, ಶಿವಮೊಗ್ಗ, ಕಲಬುರಗಿಯಿಂದ ಮೂವರು ಇದನ್ನೇ ಕೇಳಿದ್ದಾರೆ.)

ಉತ್ತರ: ಗ್ಯಾರಂಟಿ ಯಾವುದರಲ್ಲೂ ಇಲ್ಲ. ಉಪಯೋಗ ಇರುವವು ಕೆಲವು ಇವೆ. ಇಂಡಿಯನ್ ಸೊಸೈಟಿ ಫಾರ್ ಟ್ರೇನಿಂಗ್ ಅಂಡ್ ಡೆವಲಪ್‌ಮೆಂಟ್ 1970ರಿಂದ ಇದೆ, ಕೆಲಸ ಮಾಡುತ್ತಲೇ ಅವರ ಡಿಪ್ಲೊಮಾ ಮಾಡಬಹುದು. ಬೆಂಗಳೂರಿನಲ್ಲಿ ಅವರ ಶಾಖೆ ಇದೆ. ಅಲ್ಲಿನ ಸಭೆಗಳಿಗೆ ಹೋಗುವುದು ಡಿಪ್ಲೊಮಾದಷ್ಟೇ ಲಾಭ, ಅನುಭವಿಗಳ ಪರಿಚಯ ಆಗುತ್ತದೆ. ಓಡಿ ಕಡೆ ಮನಸ್ಸಿದ್ದರೆ ಐಸಬ್ಸ್ ಅಂತ ಕರೆಯುವ ಇಂಡಿಯನ್ ಸೊಸೈಟಿ ಫಾರ್ ಅಪ್ಲೈಡ್ ಬಿಹೇವಿಯರಲ್ ಸೈನ್ಸ್ ಇದೆ, 1972ರದ್ದು. ಅವರು ಲ್ಯಾಬ್ ಅಂತ ನಡೆಸುತ್ತಾರೆ. ಅಲ್ಲಿ ಪಾಠ ಇಲ್ಲ, ಪಿಪಿಟಿ ಇಲ್ಲ, ಒಂದು ಗುಂಪಿನಲ್ಲಿ ದಿನಗಟ್ಟಲೆ ಕೂತು ನಮ್ಮ ನಡವಳಿಕೆ ಬೇರೆಯವರಿಗೆ ಹೇಗೆ ತಾಗುತ್ತದೆ ಅಂತ ಕಾಣುವುದು. ಮೇಲೆ ಹೇಳಿದ ಲೆವಿನ್ ಶಿಬಿರದ ಮೊಮ್ಮಗ ಅಂದುಕೊಳ್ಳಿ. ನನ್ನನ್ನು ಜಾಸ್ತಿ ಬದಲಿಸಿದ್ದು ಅಂಥ ಒಂದು ವಾರ. ನಾನು ಕೇಳುವುದಕ್ಕಿಂತ ಉತ್ತರ ಕೊಡಲು ಅವಸರ ಮಾಡುತ್ತೇನೆ ಅಂತ ನನಗೆ ಗೊತ್ತಾದದ್ದೇ ಅಲ್ಲಿ.

ಪೂರ್ತಿ ಡಿಗ್ರಿ ಮಾಡುವ ವಯಸ್ಸು, ಅನುಕೂಲ ಇದ್ದರೆ ಜಮ್‌ಶೆಡ್‌ಪುರದ ಎಕ್ಸ್‌ಎಲ್‌ಆರ್‌ಐ, ಮುಂಬೈನ ಟಿಸ್ (ಟಾಟಾ ಸಮಾಜ ವಿಜ್ಞಾನ ಸಂಸ್ಥೆ) ದೊಡ್ಡ ಹೆಸರುಗಳು. ಅದು ಆಗದಿದ್ದರೆ ನಮ್ಮ ವಿಶ್ವವಿದ್ಯಾಲಯಗಳ ಎಂಎಸ್‌ಡಬ್ಲ್ಯೂ ಅಥವಾ ಎಂಬಿಎಯೇ ಸಾಕು. ಕರ್ನಾಟಕದ ಕಾರ್ಖಾನೆಗಳ ಎಚ್‌ಆರ್‌ನಲ್ಲಿ ಎಂಎಸ್‌ಡಬ್ಲ್ಯೂದವರು ತುಂಬಾ ಜನ ಇದ್ದಾರೆ.

ಕೂತು ಬರೆಯುವುದು ಇಷ್ಟ ಇದ್ದವರಿಗೆ ಇನ್‌ಸ್ಟ್ರಕ್ಷನಲ್ ಡಿಸೈನ್ ಅನ್ನೋ ದಾರಿ ಇದೆ, ಅಂದರೆ ಕಂಪ್ಯೂಟರಿನಲ್ಲಿ ನೋಡಿ ಕಲಿಯುವ ಪಾಠಗಳನ್ನು ರೂಪಿಸುವ ಕೆಲಸ. ಎಐ ಬಂದ ಮೇಲೆ ಇದು ಮುಗಿಯಿತಾ ಅಂತ ಒಬ್ಬರು ಕೇಳಿದ್ದಾರೆ. ಪುಸ್ತಕದಲ್ಲಿ ಇರುವುದನ್ನು ಸ್ಲೈಡಿಗೆ ಇಳಿಸುವ ಕೆಲಸ ಕಮ್ಮಿ ಆಗುತ್ತಿದೆ. ಕೆಲಸ ಮಾಡುವವರ ಪಕ್ಕ ಕೂತು, ಅವರು ಎಲ್ಲಿ ಎಡವುತ್ತಾರೆ ಅಂತ ಕಂಡು ಬಂದು ಪಾಠ ಮಾಡುವವರಿಗೆ ಕೆಲಸ ಇದೆ.

ಪ್ರಶ್ನೆ: ಮೈಸೂರಿನಲ್ಲಿ ಫ್ರೀಲಾನ್ಸ್ ಟ್ರೇನರ್ ಆಗಿದ್ದೇನೆ. ಕೆಲಸ ಸಿಗುತ್ತಿದೆ, ದುಡ್ಡು ಸಿಗುತ್ತಿಲ್ಲ. ಒಂದು ಕಂಪನಿ ನಾಲ್ಕು ತಿಂಗಳಿಂದ ಬಿಲ್ ಇಟ್ಟುಕೊಂಡು ಕೂತಿದೆ.

ಉತ್ತರ: ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಅಂತ ಕೇಂದ್ರ ಸರ್ಕಾರದಲ್ಲಿ ನೋಂದಣಿ, ಮಾಡಿಸಿದ್ದೀರಾ? ಇಲ್ಲದಿದ್ದರೆ ಇವತ್ತೇ ಮಾಡಿ. ಆನ್‌ಲೈನ್‌ನಲ್ಲಿ ಆಗುತ್ತದೆ, ಪೂರ್ತಿ ಉಚಿತ. ದುಡ್ಡು ಕೇಳುವ ನಕಲಿ ವೆಬ್‌ಸೈಟುಗಳ ಬಗ್ಗೆ ಹುಷಾರು. ಸೇವೆ ಕೊಡುವ ಒಬ್ಬರೇ ವ್ಯಕ್ತಿಯೂ ಮೈಕ್ರೊ ಉದ್ಯಮ ಅಂತ ನೋಂದಣಿ ಮಾಡಬಹುದು. ಆಮೇಲೆ ಮಾಡಿದ ಕೆಲಸಗಳಿಗೆ ಎಂಎಸ್‌ಎಂಇ (ಸಣ್ಣ, ಮಧ್ಯಮ ಉದ್ಯಮಗಳ) ಕಾನೂನಿನ ರಕ್ಷಣೆ ಸಿಗುತ್ತದೆ. ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ, ಇದ್ದರೂ ಹೆಚ್ಚೆಂದರೆ 45 ದಿನದಲ್ಲಿ ದುಡ್ಡು ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕ್ ಹೇಳುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. ಬಿಲ್ಲಿನ ಮೇಲೆ ಉದ್ಯಮ್ ನಂಬರ್ ದಪ್ಪಗೆ ಹಾಕಿ. ಅದನ್ನು ಕಂಡರೆ ಅಕೌಂಟ್ಸ್‌ನವರು ಬಿಲ್ಲನ್ನು ಮೇಲೆ ತೆಗೆದಿಡುತ್ತಾರೆ, ನಾನು ಕಂಡಿದ್ದೇನೆ.

ಈಗಿನ ಬಿಲ್ಲಿಗೆ, ಕರೆದ ಮ್ಯಾನೇಜರನ್ನು ಬಿಟ್ಟು ನೇರ ಅಕೌಂಟ್ಸ್ ವಿಭಾಗಕ್ಕೆ ಹೋಗಿ. ಬಹಳ ಸಲ ಪರ್ಚೇಸ್ ಆರ್ಡರ್ (ಕಂಪನಿ ಕೊಡುವ ಲಿಖಿತ ಕೆಲಸದ ಆದೇಶ) ಇಲ್ಲದೆ ಬಿಲ್ ಸಿಕ್ಕಿಕೊಂಡಿರುತ್ತದೆ, ಕರೆದವರಿಗೆ ಅದು ಗೊತ್ತೇ ಇರುವುದಿಲ್ಲ. ಇನ್ನು ಮುಂದೆ ಪರ್ಚೇಸ್ ಆರ್ಡರ್ ಕೈಗೆ ಬಾರದೆ ಬಸ್ ಹತ್ತಬೇಡಿ. ವರ್ಷದ ಬಿಲ್ಲುಗಳು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು ಅನ್ನೋದು ನೆನಪಿರಲಿ.

ಪ್ರಶ್ನೆ: ಅಕ್ಕ, ನಾನು ಬಳ್ಳಾರಿಯಲ್ಲಿ ಎಂಎಸ್‌ಡಬ್ಲ್ಯೂ ಎರಡನೇ ವರ್ಷ ಓದುತ್ತಿದ್ದೇನೆ. ಟ್ರೇನರ್ ಆಗಬೇಕು ಅಂತ ತುಂಬಾ ಆಸೆ. ಆದರೆ ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಕನ್ನಡದಲ್ಲಿ ತರಬೇತಿ ಕೊಡುವವರಿಗೆ ಬೆಲೆ ಇದೆಯಾ?

ಉತ್ತರ: ತಮ್ಮಾ, ಇದೆ. ಈ ಪ್ರಶ್ನೆ ನನಗೆ ಬಹಳ ಹತ್ತಿರದ್ದು, ಯಾಕಂದರೆ ನಾನೂ ಕನ್ನಡ ಮಾಧ್ಯಮದವಳು.

ಕಾರ್ಖಾನೆಯಲ್ಲಿ ಕ್ರೇನ್ ಕೆಳಗೆ ಯಾಕೆ ನಿಲ್ಲಬಾರದು ಅಂತ ಇಂಗ್ಲಿಷಿನಲ್ಲಿ ಹೇಳಿ ಸಹಿ ಹಾಕಿಸಿಕೊಂಡರೆ ಅದು ದಾಖಲೆ ಆಗುತ್ತದೆ, ತರಬೇತಿ ಆಗುವುದಿಲ್ಲ. ಅರ್ಥ ಆಗದ ಕಾಗದಕ್ಕೆ ಸಹಿ ಹಾಕಿದವನ ಮೇಲೆ ನಾಳೆ ಕಬ್ಬಿಣ ಬೀಳುತ್ತದೆ. ನಿನ್ನ ಸುತ್ತ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಇದೆ, ಗಣಿಗಳಿವೆ, ಬಳ್ಳಾರಿಯ ಜೀನ್ಸ್ ಹೊಲಿಯುವ ಘಟಕಗಳಿವೆ. ಅತ್ತ ಬೆಂಗಳೂರು, ರಾಮನಗರ, ಮಂಡ್ಯ ಕಡೆ ಗಾರ್ಮೆಂಟ್ಸ್‌ನಲ್ಲಿ ಲಕ್ಷಗಟ್ಟಲೆ ಹೆಣ್ಣುಮಕ್ಕಳು ದುಡಿಯುತ್ತಾರೆ. 10 ಅಥವಾ ಹೆಚ್ಚು ಜನ ಇರುವ ಕಡೆಯೆಲ್ಲ ಲೈಂಗಿಕ ಕಿರುಕುಳದ ದೂರು ಕೇಳಲು ಸಮಿತಿ ಇರಬೇಕು, ನೌಕರರಿಗೆ ಅರಿವು ಮೂಡಿಸಬೇಕು ಅಂತ 2013ರ ಕಾನೂನು ಹೇಳುತ್ತದೆ. ಆ ವಿಷಯವನ್ನು ಹೊಲಿಗೆ ಮಷಿನ್ ಮುಂದೆ ಕೂತ ತಂಗಿಗೆ ಮುಜುಗರ ಆಗದ ಹಾಗೆ, ಅವಳದೇ ಮಾತಿನಲ್ಲಿ ಹೇಳಬಲ್ಲವರು ಎಷ್ಟು ಜನ ಇದ್ದಾರೆ? ತೀರ ಕಮ್ಮಿ. ನಾನೇ ಹುಡುಕಿ ಸುಸ್ತಾಗಿದ್ದೇನೆ.

ಸರ್ಕಾರದ ಕಡೆಯೂ ನೋಡು. ಮೈಸೂರಿನಲ್ಲಿ ಅಬ್ದುಲ್ ನಜೀರ್ ಸಾಬ್ ಹೆಸರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆ ಇದೆ, ಗ್ರಾಮ ಪಂಚಾಯಿತಿ ಸದಸ್ಯರಿಗೆ, ಸಿಬ್ಬಂದಿಗೆ ತರಬೇತಿ ಕೊಡುತ್ತದೆ. ಆ ಕೆಲಸ ನಡೆಯುವುದೇ ಕನ್ನಡದಲ್ಲಿ.

ಹಾಗಂತ ಇಂಗ್ಲಿಷ್ ಬೇಡ ಅನ್ನಲ್ಲ. ಮೇಲ್ ಬರೆಯಲು, ಮ್ಯಾನೇಜರ್ ಜೊತೆ ಕೂತು ಏನು ಬೇಕು ಅಂತ ಕೇಳಿಕೊಳ್ಳಲು, ವರದಿ ಕೊಡಲು ಬೇಕು. ಅಷ್ಟು ಎರಡು ವರ್ಷದಲ್ಲಿ ಬರುತ್ತದೆ. ಬಳ್ಳಾರಿಯವನಾದ ನಿನಗೆ ತೆಲುಗು ಬರುತ್ತಿದ್ದರೆ ಅದೂ ದೊಡ್ಡ ಆಸ್ತಿ. ಈಗ ಹೊರರಾಜ್ಯದ ಕಾರ್ಮಿಕರು ಎಲ್ಲ ಕಡೆ ಇದ್ದಾರೆ, ಸ್ವಲ್ಪ ಹಿಂದಿ ಕಲಿತಿಟ್ಟುಕೋ.

ಈಗ ಮಾಡಬೇಕಾದ್ದು ಇಷ್ಟು. ನಿಮಗೆ ಫೀಲ್ಡ್ ವರ್ಕ್ ಇದೆ ಅಲ್ವಾ? ಈ ಸೆಮಿಸ್ಟರ್ ಯಾವುದಾದರೂ ಕಾರ್ಖಾನೆಗೆ ಹಾಕಿಸಿಕೋ. ಶಿಫ್ಟ್ ಶುರುವಾಗುವ ಮೊದಲು ಐದು ಹತ್ತು ನಿಮಿಷ ಎಲ್ಲರನ್ನೂ ನಿಲ್ಲಿಸಿ ಸುರಕ್ಷತೆ ಬಗ್ಗೆ ಮಾತಾಡುತ್ತಾರೆ, ಟೂಲ್ ಬಾಕ್ಸ್ ಟಾಕ್ ಅಂತ. ಮೊದಲ ವಾರ ಹಿಂದೆ ನಿಂತು ಕೇಳು, ಯಾರು ಕೇಳುತ್ತಿಲ್ಲ, ಯಾಕೆ ಅಂತ ನೋಡು. ಆಮೇಲೆ ಸೇಫ್ಟಿ ಆಫೀಸರ್ ಹತ್ತಿರ ಹೋಗಿ, "ಸಾರ್, ನಾಳೆ ಐದು ನಿಮಿಷ ನಾನು ಮಾತಾಡ್ಲಾ?" ಅಂತ ಕೇಳು. ಮಾತಾಡಿದ ದಿನ ಮಧ್ಯಾಹ್ನ ಫ್ಲೋರ್‌ಗೆ ಹೋಗಿ, ನೀನು ಬೆಳಿಗ್ಗೆ ಹೇಳಿದ್ದನ್ನು ಯಾರಾದರೂ ಮಾಡುತ್ತಿದ್ದಾರಾ ನೋಡಿ ನನಗೆ ಬರೆ.